ಕೀಲಿಯಿಲ್ಲದ ಕೈಗಡಿಯಾರದ ಜನಕ ಜಾನ್ ಹಾರ್ವುಡ್

ಬೆಂಗಳೂರು: ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಎಚ್‌ಎಂಟಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಅದರ ಯಾಂತ್ರಿಕ ಗಡಿಯಾರಗಳಲ್ಲಿ ಎರಡು ಬಗೆ. ‘ಜನತಾ’ಗೆ ದಿನವೂ ಕೈಯಿಂದ ಕೀಲಿ ಕೊಡಬೇಕು. ‘ರಜತ್’, ‘ಕಾಂಚನ್’ ಗಡಿಯಾರಗಳಲ್ಲಿ ಕಟ್ಟಿಕೊಂಡವರ ಕೈ ಆಡಿದಂತೆಲ್ಲ ಒಳಗಿನ ಲೋಹದ ತೂಕ ತಿರುಗಿ ಸ್ಪ್ರಿಂಗನ್ನು ತಾನೇ ಬಿಗಿಗೊಳಿಸುತ್ತದೆ. ಈ ಎರಡನೆಯ ಬಗೆಯ ಕೈಗಡಿಯಾರವನ್ನು ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ತಂದ ಮೊದಲಿಗ ಇಂಗ್ಲೆಂಡಿನ ಜಾನ್ ಹಾರ್ವುಡ್.

ಹಾರ್ವುಡ್ ಜನಿಸಿದ್ದು 1893ರಲ್ಲಿ, ಬೋಲ್ಟನ್ ಪಟ್ಟಣದಲ್ಲಿ. ಗಡಿಯಾರ ದುರಸ್ತಿ ಅವರ ಕಸುಬು. ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಬಳಿಕ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದರು. ದುರಸ್ತಿಗೆ ಬರುತ್ತಿದ್ದ ಗಡಿಯಾರಗಳು ಕೆಡಲು ಮುಖ್ಯ ಕಾರಣ ಪಕ್ಕದ ಕೀಲಿಗುಂಡಿಯ ರಂಧ್ರದಿಂದ ನುಸುಳುವ ಧೂಳು ಮತ್ತು ತೇವ ಎಂಬುದನ್ನು ಅವರು ಕಂಡುಕೊಂಡರು. ರಂಧ್ರವನ್ನು ಮುಚ್ಚಬೇಕಾದರೆ ಕೀಲಿಯೇ ಇರಬಾರದು. ಕೀಲಿಯಿಲ್ಲದೆ ಗಡಿಯಾರ ಓಡುವುದು ಹೇಗೆ?

ಅಲುಗಾಟದಿಂದ ಸ್ಪ್ರಿಂಗ್ ಬಿಗಿಯುವ ತತ್ವ 18ನೇ ಶತಮಾನದ ಜೇಬು ಗಡಿಯಾರಗಳಲ್ಲೇ ಬಳಕೆಯಾಗಿತ್ತು. ಆದರೆ ಜೇಬಿನೊಳಗೆ ಅಲುಗಾಟ ಕಡಿಮೆ. ಮಣಿಕಟ್ಟಿಗೆ ಬಿಡುವೇ ಇಲ್ಲ. ಹಾರ್ವುಡ್ ಅಳವಡಿಸಿದ ತೂಕ ಪೂರ್ತಿ ಸುತ್ತು ತಿರುಗದೆ, ಎರಡೂ ಬದಿಯ ಪುಟ್ಟ ಸ್ಪ್ರಿಂಗುಗಳಿಗೆ ತಾಗಿ ಹಿಂದೆ ಮುಂದೆ ತೂಗುತ್ತಿತ್ತು. ಪೂರ್ತಿ ಬಿಗಿದ ಗಡಿಯಾರ ಸುಮಾರು 12 ಗಂಟೆ ಓಡುತ್ತಿತ್ತು. ಮುಳ್ಳುಗಳನ್ನು ಹೊಂದಿಸಲು ಗಾಜಿನ ಸುತ್ತಲಿನ ಬಳೆಯನ್ನು ತಿರುಗಿಸಿದರೆ ಸಾಕು. 1924ರಲ್ಲಿ ಸ್ವಿಸ್ ಪೇಟೆಂಟ್ ದೊರೆಯಿತು. 1926ರ ಬಾಸೆಲ್ ಮೇಳದಲ್ಲಿ ಫೋರ್ಟಿಸ್ ಸಂಸ್ಥೆ ಅದನ್ನು ಪ್ರದರ್ಶಿಸಿತು.

ಭಾಗ್ಯ ಬಹುಕಾಲ ಕೈಹಿಡಿಯಲಿಲ್ಲ. ಜಾಗತಿಕ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಲುಕಿ ಹಾರ್ವುಡ್ ಕಂಪನಿ 1931ರಲ್ಲಿ ಮುಚ್ಚಿತು. ಅದೇ ವರ್ಷ ರೋಲೆಕ್ಸ್ ಸಂಸ್ಥೆ ಪೂರ್ತಿ ಸುತ್ತುವ ತೂಕದ ಗಡಿಯಾರವನ್ನು ಹೊರತಂದಿತು. ಮನ್ನಣೆಗಾಗಿ ಹಾರ್ವುಡ್ ಕಾಲು ಶತಮಾನ ಕಾಯಬೇಕಾಯಿತು. ಅವರೇ ಮೊದಲಿಗರೆಂದು 1950ರ ದಶಕದಲ್ಲಿ ರೋಲೆಕ್ಸ್ ತನ್ನ ಜಾಹೀರಾತಿನಲ್ಲಿ ಒಪ್ಪಿಕೊಂಡಿತು. 1957ರಲ್ಲಿ ಬ್ರಿಟಿಷ್ ಹೊರಲಾಜಿಕಲ್ ಇನ್‌ಸ್ಟಿಟ್ಯೂಟ್ ಚಿನ್ನದ ಪದಕ ನೀಡಿ ಗೌರವಿಸಿತು. 1960ರ ದಶಕದಲ್ಲಿ ಅವರು ನಿಧನರಾದರು.

ಎರಡು ಬಗೆಗಳ ಪೈಪೋಟಿ ಇಂದಿಗೂ ತೀರ್ಮಾನವಾಗಿಲ್ಲ. ಕೈಯಿಂದ ಕೀಲಿ ಕೊಡುವ ಗಡಿಯಾರದಲ್ಲಿ ಬಿಡಿಭಾಗಗಳು ಕಡಿಮೆ, ದುರಸ್ತಿ ಸುಲಭ, ಅದನ್ನು ತೆಳ್ಳಗೆ ರೂಪಿಸಬಹುದು. ಆದರೆ ಕೀಲಿ ಮರೆತರೆ ನಿಲ್ಲುತ್ತದೆ. ಸ್ವಯಂಚಾಲಿತ ಗಡಿಯಾರಕ್ಕೆ ಆ ಚಿಂತೆಯಿಲ್ಲ. ಆದರೆ ಕೆಲ ದಿನ ಕಟ್ಟದೆ ಪೆಟ್ಟಿಗೆಯಲ್ಲಿಟ್ಟರೆ ಅದೂ ನಿಲ್ಲುತ್ತದೆ.

ಎಚ್‌ಎಂಟಿ ಗಡಿಯಾರ ಘಟಕಗಳನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು. ಹಳೆಯ ‘ಜನತಾ’, ‘ಕಾಂಚನ್’ಗಳು ಮಾತ್ರ ಅನೇಕ ಮನೆಗಳಲ್ಲಿ ಇನ್ನೂ ಓಡುತ್ತಿವೆ. ‘ಕಾಂಚನ್’ನ ಒಳಗೆ ತಿರುಗುವ ತೂಕ ಹಾರ್ವುಡ್ ತೋರಿದ ಹಾದಿಯದು. ಆದರೆ ಅದರ ಪಕ್ಕದಲ್ಲೂ ಗುಂಡಿಯೊಂದಿದೆ. ಯಾವ ರಂಧ್ರವನ್ನು ಇಲ್ಲವಾಗಿಸಲು ಹಾರ್ವುಡ್ ಹೊರಟಿದ್ದರೋ ಅದು ಉಳಿಯಿತು; ಅದಕ್ಕಾಗಿ ಅವರು ರೂಪಿಸಿದ ಉಪಾಯವನ್ನು ಮಾತ್ರ ಲೋಕ ತನ್ನದಾಗಿಸಿಕೊಂಡಿತು.