ರೈಲಿನ ಕಿಟಕಿ ಮತ್ತು ವಾಸಿಲಿ ಗ್ರಾಸ್‌ಮನ್

ಇಂಜಿನಿಯರಿಂಗ್ ಬಿಟ್ಟು ಬರೆಯೋಕೆ ಹೊರಟವರ ಕತೆ ನಮಗೆ ಹೊಸದೇನಲ್ಲ. ಆದರೆ ವಾಸಿಲಿ ಗ್ರಾಸ್‌ಮನ್ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

1905ರಲ್ಲಿ ಉಕ್ರೇನಿನ ಬೆರ್ದಿಚೇವ್‌ನ ಯಹೂದಿ ಮನೆಯಲ್ಲಿ ಹುಟ್ಟಿದ ಇವರು ಮಾಸ್ಕೋದಲ್ಲಿ ಕೆಮಿಸ್ಟ್ರಿ ಓದಿದರು. ದೊನ್‌ಬಾಸಿನ ಕಲ್ಲಿದ್ದಲು ಗಣಿಯಲ್ಲಿ ಗ್ಯಾಸ್ ಪರೀಕ್ಷೆ ಮಾಡುವ ಕೆಲಸ ಸಿಕ್ಕಿತು. ಆಮೇಲೆ ಮಾಸ್ಕೋದ ಪೆನ್ಸಿಲ್ ಫ್ಯಾಕ್ಟರಿ, ಆಮೇಲೆ ಸಾಹಿತ್ಯ. ಯುದ್ಧ ಶುರುವಾದಾಗ ಸೈನ್ಯದ ಪತ್ರಿಕೆಗೆ ಸ್ಟಾಲಿನ್‌ಗ್ರಾದ್‌ನಿಂದ ವರದಿ ಬರೆದು ಮನೆಮಾತಾದರು. ಅಷ್ಟರಲ್ಲಾಗಲೇ, 1941ರಲ್ಲಿ, ಬೆರ್ದಿಚೇವ್‌ನಲ್ಲಿ ನಾಜಿಗಳು ಅವರ ತಾಯಿಯನ್ನು ಕೊಂದಿದ್ದರು. ಅಮ್ಮನನ್ನ ಮಾಸ್ಕೋಗೆ ಕರೆಸಿಕೊಳ್ಳಲಿಲ್ಲವಲ್ಲ ಅನ್ನೋ ಕೊರಗು ಕೊನೇವರೆಗೂ ಹೋಗಲಿಲ್ಲ.

ಇನ್ನೊಂದು ವಿಷಯ ಮುಚ್ಚಿಡೋದು ಸರಿಯಲ್ಲ. 1953ರಲ್ಲಿ ಯಹೂದಿ ವೈದ್ಯರ ಮೇಲೆ ಸ್ಟಾಲಿನ್ ಸರ್ಕಾರ ಸುಳ್ಳು ಆರೋಪ ಹೊರಿಸಿದಾಗ, ಅವರಿಗೆ ಶಿಕ್ಷೆ ಕೇಳುವ ಪತ್ರಕ್ಕೆ ಗ್ರಾಸ್‌ಮನ್ ಕೂಡ ಸಹಿ ಹಾಕಿದ್ದರು.

ಎರಡು ವರ್ಷದ ನಂತರ ‘ಎವ್ರಿಥಿಂಗ್ ಫ್ಲೋಸ್’ ಕಾದಂಬರಿ ಶುರುವಾಯಿತು. ಅದರಲ್ಲಿ 1932–33ರ ಉಕ್ರೇನ್ ಕ್ಷಾಮದ ಕತೆ ಹೇಳೋದು ಹಸಿದವಳಲ್ಲ. ಪಕ್ಷದ ಪರವಾಗಿ ಹಳ್ಳಿಗಳಲ್ಲಿ ಕೆಲಸ ಮಾಡಿದ್ದ ಅನ್ನಾ. ‘ಕುಲಾಕ್’ ಅಂದರೆ ತುಸು ಅನುಕೂಲವಂತ ರೈತ. ಅವರು ಮನುಷ್ಯರೇ ಅಲ್ಲ ಅಂತ ಪ್ರಚಾರ ಹೇಳಿತ್ತು, ಇವಳು ನಂಬಿದ್ದಳು. ನಮ್ಮ ಮಟ್ಟಿಗೆ ಪುಸ್ತಕದ ಜೀವ ಇರೋದು ರೈಲಿನ ಚಿತ್ರದಲ್ಲಿ. ಹಳಿ ಪಕ್ಕ ರೊಟ್ಟಿಗಾಗಿ ಬೇಡುವ ಹಳ್ಳಿಯವರು, ಒಳಗಿಂದ ತುಂಡು ಎಸೆಯುವ ಪ್ರಯಾಣಿಕರು. ಆಮೇಲೆ ಕ್ಷಾಮದ ಸೀಮೆ ಬಂದಾಗ ಕಿಟಕಿ ಮುಚ್ಚಬೇಕು ಅಂತ ಆದೇಶ. ರೊಟ್ಟಿ ಹೊರಗೆ ಹೋಗಬಾರದು, ನೋಟವೂ ಹೋಗಬಾರದು! ಪತ್ರಿಕೆಗಳು ಇಡೀ ದೇಶಕ್ಕೆ ಮಾಡಿದ್ದೂ ಇದನ್ನೇ ಅಲ್ವಾ? ಅನ್ನಾಳಿಗೆ ಕತೆ ಒಪ್ಪಿಸಿದ್ದರ ಹಿಂದೆ ಆ ಸಹಿಯ ನೋವೂ ಇದೆ ಅಂತ ನಮಗನ್ನಿಸುತ್ತೆ. ತಾನೂ ಒಮ್ಮೆ ಕಿಟಕಿ ಮುಚ್ಚಲು ಕೈ ಹಾಕಿದವನು ಬರೆದ ಹಾಗಿದೆ.

1961ರಲ್ಲಿ ಕೆ.ಜಿ.ಬಿ.ಯವರು ಮನೆಗೇ ಬಂದು ಇನ್ನೊಂದು ಕಾದಂಬರಿ ‘ಲೈಫ್ ಅಂಡ್ ಫೇಟ್’ನ ಹಸ್ತಪ್ರತಿ ಹೊತ್ತುಕೊಂಡು ಹೋದರು. ಕಾರ್ಬನ್ ಹಾಳೆ, ಟೈಪ್‌ರೈಟರ್ ರಿಬ್ಬನ್ನೂ ಬಿಡಲಿಲ್ಲ. ಅಷ್ಟಾದರೂ ಗ್ರಾಸ್‌ಮನ್ ಕ್ಷಾಮದ ಪುಸ್ತಕ ತಿದ್ದುವುದನ್ನು ನಿಲ್ಲಿಸಲಿಲ್ಲ. 1964ರಲ್ಲಿ, 58ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡಾಗ ಎರಡೂ ಅಚ್ಚಾಗಿರಲಿಲ್ಲ. ಕ್ಷಾಮದ ಪುಸ್ತಕ 1970ರಲ್ಲಿ ಜರ್ಮನಿಯಲ್ಲಿ ಹೊರಬಂತು. ಅವರದೇ ದೇಶದ ಓದುಗರ ಕೈಗೆ ಸಿಕ್ಕಿದ್ದು 1989ರಲ್ಲಿ.