ಮೈನಸ್ 20 ಡಿಗ್ರಿ ಗಾಳಿಯಲ್ಲಿ ಶಾಖ ಇರುತ್ತದೆಯೇ? ಹೀಟ್ ಪಂಪ್‌ಗೆ ದಾರಿ ತೋರಿದ ಲಾರ್ಡ್ ಕೆಲ್ವಿನ್ ಅವರ ಬದುಕು

ಚಳಿಗಾಲ ಬಂತೆಂದರೆ ಒಂದು ಮಾತು ಫೋನಿನಿಂದ ಫೋನಿಗೆ ಓಡಾಡತೊಡಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಗಾಳಿಯಲ್ಲಿ ಶಾಖವೇ ಇರುವುದಿಲ್ಲ, ಆದ್ದರಿಂದ ಹೀಟ್ ಪಂಪ್ ಚಳಿದೇಶಗಳಲ್ಲಿ ದಂಡ ಎಂಬುದು ಆ ಮಾತು. ಅಮೆರಿಕ, ಕೆನಡಾ, ಜರ್ಮನಿಯಲ್ಲಿ ಮಕ್ಕಳಿರುವ ನಮ್ಮ ಎಷ್ಟೋ ಓದುಗರಿಗೆ ಇದು ಬರೀ ಕುತೂಹಲದ ವಿಷಯವಲ್ಲ. ಅಲ್ಲಿ ರಾತ್ರಿ ಮನೆ ಬೆಚ್ಚಗಾಗದಿದ್ದರೆ ಜೀವಕ್ಕೇ ಅಪಾಯ.

ಈ ಮಾತು ನಿಜವಲ್ಲ. ಏಕೆ ನಿಜವಲ್ಲ ಎಂದು ತಿಳಿಯಲು ಸುಮಾರು 170 ವರ್ಷ ಹಿಂದೆ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮೇಷ್ಟರ ಬದುಕನ್ನು ನೋಡೋಣ.

ಹತ್ತನೇ ವಯಸ್ಸಿಗೇ ವಿಶ್ವವಿದ್ಯಾಲಯ

ಅವರ ಹೆಸರು ವಿಲಿಯಂ ಥಾಮ್ಸನ್. ಲಾರ್ಡ್ ಕೆಲ್ವಿನ್ ಎಂಬ ಹೆಸರು ಬಂದದ್ದು ಬಹಳ ತಡವಾಗಿ. ಹುಟ್ಟಿದ್ದು 1824ರ ಜೂನ್ 26ರಂದು, ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಆರು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಗಣಿತದ ಮೇಷ್ಟರು. ಅವರಿಗೆ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಕೆಲಸ ಸಿಕ್ಕಿ 1832ರಲ್ಲಿ ಸಂಸಾರ ಅಲ್ಲಿಗೆ ಬಂತು. ಹತ್ತನೇ ವಯಸ್ಸಿಗೇ ಹುಡುಗ ಅದೇ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ.

ಹದಿನಾರು ತುಂಬುವ ಮೊದಲೇ, ಶಾಖ ಹೇಗೆ ಹರಿಯುತ್ತದೆ ಎಂಬ ಬಗ್ಗೆ ಫ್ರೆಂಚ್ ಗಣಿತಜ್ಞ ಫೂರಿಯೇ ಬರೆದ ಕಠಿಣ ಗ್ರಂಥವನ್ನು ಎರಡು ವಾರದಲ್ಲಿ ಓದಿ ಮುಗಿಸಿದರು. ಅಲ್ಲಿಂದ ಮುಂದೆ ಶಾಖದ ವಿಚಾರ ಅವರನ್ನು ಬಿಡಲೇ ಇಲ್ಲ. 1845ರಲ್ಲಿ ಕೇಂಬ್ರಿಜ್ ಓದು ಮುಗಿಸಿ ಪ್ಯಾರಿಸ್‌ಗೆ ಹೋದಾಗ ಉಗಿಯಂತ್ರಗಳ ಬಗ್ಗೆ ಕಾರ್ನೋ ಬರೆದ ಪುಸ್ತಕಕ್ಕಾಗಿ ಅಂಗಡಿ ಅಂಗಡಿ ಅಲೆದರು. ಪುಸ್ತಕ ಸಿಗಲಿಲ್ಲ. ಅದರ ತಿರುಳನ್ನು ಬೇರೊಬ್ಬರ ಬರಹದಿಂದ ತಿಳಿದುಕೊಂಡರು. ಮರುವರ್ಷ, 22ನೇ ವಯಸ್ಸಿಗೆ, ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾದರು. ಮುಂದಿನ 53 ವರ್ಷ ಅದೇ ಹುದ್ದೆಯಲ್ಲಿದ್ದರು.

ಸೊನ್ನೆ ಎಂದರೆ ನಿಜವಾದ ಸೊನ್ನೆಯಲ್ಲ

1848ರಲ್ಲಿ ಥಾಮ್ಸನ್ ತಾಪಮಾನಕ್ಕೊಂದು ಹೊಸ ಅಳತೆಗೋಲನ್ನು ಮಂಡಿಸಿದರು. ಮುಂದಿನ ವರ್ಷಗಳಲ್ಲಿ ಅದನ್ನು ತಿದ್ದಿ ತೀಡಿದರು. ನಾವು ಬಳಸುವ ಸೆಲ್ಸಿಯಸ್ ಅಳತೆಯಲ್ಲಿ ಸೊನ್ನೆ ಎಂದರೆ ನೀರು ಹೆಪ್ಪುಗಟ್ಟುವ ಹಂತ, ಅಷ್ಟೇ. ಶಾಖ ಮುಗಿದುಹೋಯಿತು ಎಂದು ಅದರ ಅರ್ಥವಲ್ಲ. ನಿಜವಾದ ಸೊನ್ನೆ ಇರುವುದು ಮೈನಸ್ 273 ಡಿಗ್ರಿಯ ಹತ್ತಿರ.

ಹೊಸ ಗೋಲಿನಲ್ಲಿ ಲೆಕ್ಕ ಹಾಕಿ. 20 ಡಿಗ್ರಿಯ ಬೆಚ್ಚಗಿನ ಕೋಣೆ ಸುಮಾರು 293 ಕೆಲ್ವಿನ್. ಮೈನಸ್ 20 ಡಿಗ್ರಿಯ ಹೊರಗಿನ ಗಾಳಿ ಸುಮಾರು 253 ಕೆಲ್ವಿನ್. ನಮ್ಮ ಮೈಗೆ ಎರಡಕ್ಕೂ ಅಜಗಜಾಂತರ. ಆದರೆ ಸೊನ್ನೆಯಿಂದ ಎರಡೂ ಬಲು ದೂರದಲ್ಲಿವೆ. ಅಂದರೆ ಕೊರೆಯುವ ಚಳಿಗಾಳಿಯಲ್ಲೂ ಶಾಖ ಬೇಕಾದಷ್ಟಿದೆ. ಅದನ್ನು ಎತ್ತಿ ಒಳಗೆ ತರುವ ಯಂತ್ರ ಬೇಕು.

1852ರಲ್ಲಿ ಥಾಮ್ಸನ್ ಆ ಯಂತ್ರವನ್ನೂ ಸೂಚಿಸಿದರು. ಗಾಳಿಯ ಹರಿವಿನಿಂದ ಕಟ್ಟಡಗಳನ್ನು ಬಿಸಿ ಅಥವಾ ತಂಪು ಮಾಡುವ ಮಿತವ್ಯಯದ ದಾರಿಯ ಬಗ್ಗೆ ಅವರು ಬರೆದ ಪ್ರಬಂಧದಲ್ಲಿ ಅದರ ವಿವರಣೆ ಇದೆ. ಹೊರಗಿನ ಗಾಳಿಯನ್ನು ಒಂದು ಸಿಲಿಂಡರಿಗೆ ಎಳೆದು ಹಿಗ್ಗಿಸಬೇಕು. ಹಿಗ್ಗಿದ ಗಾಳಿ ಹೊರಗಿಗಿಂತಲೂ ತಣ್ಣಗಾಗುತ್ತದೆ. ಆಗ ಅದು ಹೊರಗಿನಿಂದಲೇ ಶಾಖ ಹೀರುತ್ತದೆ. ಬಳಿಕ ಇನ್ನೊಂದು ಸಿಲಿಂಡರಿನಲ್ಲಿ ಅದನ್ನು ಒತ್ತಿ ಮೊದಲಿನ ಒತ್ತಡಕ್ಕೆ ತಂದರೆ ಬಿಸಿಯಾಗಿ ಮನೆಯೊಳಗೆ ಬರುತ್ತದೆ. ಇಂದಿನ ಹೀಟ್ ಪಂಪ್‌ನಲ್ಲಿ ಗಾಳಿಯ ಬದಲು ವಿಶೇಷ ದ್ರವವೊಂದು ಕೊಳವೆಯಲ್ಲಿ ಸುತ್ತುತ್ತದೆ. ತತ್ವ ಅದೇ. ನಮ್ಮ ಮನೆಯ ಫ್ರಿಜ್, ಬೆಂಗಳೂರಿನ ಎಸಿ ಎಲ್ಲವೂ ಇದೇ ಮನೆತನದವು.

ಈ ಯಂತ್ರದ ಮಿತಿಯೂ ಅವರ ಅಳತೆಗೋಲಿನಲ್ಲೇ ಇದೆ. ಒಳಗೆ 20 ಡಿಗ್ರಿ, ಹೊರಗೆ 0 ಇದ್ದರೆ, ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರ ಒಂದು ಪಾಲು ವಿದ್ಯುತ್ತಿಗೆ ಸುಮಾರು 15 ಪಾಲು ಶಾಖ ತರಬಲ್ಲದು. ಹೊರಗೆ ಮೈನಸ್ 20 ಆದರೆ ಅದು 7 ಪಾಲಿಗೆ ಇಳಿಯುತ್ತದೆ. ನಿಜವಾದ ಯಂತ್ರಗಳು ಇದಕ್ಕಿಂತ ಬಹಳ ಕಡಿಮೆ ತರುತ್ತವೆ: ಸಾಧಾರಣ ಚಳಿಯಲ್ಲಿ 3ರಿಂದ 4 ಪಾಲು, ಕಡುಚಳಿಯಲ್ಲಿ 2ರ ಆಸುಪಾಸು. ಸಾದಾ ಕಾಯಿಲ್ ಹೀಟರ್ ಕೊಡುವುದು ಒಂದಕ್ಕೆ ಒಂದೇ. ಹಾಗಾಗಿ ಕಡುಚಳಿಯಲ್ಲಿ ಹೀಟ್ ಪಂಪ್ ಬಡವಾಗುತ್ತದೆಯೇ ಹೊರತು ಸಾಯುವುದಿಲ್ಲ. ಮನೆಮನೆಗೆ ಹೀಟ್ ಪಂಪ್ ಹೆಚ್ಚಾಗಿರುವ ದೇಶಗಳು ನಾರ್ವೆ, ಸ್ವೀಡನ್, ಫಿನ್ಲೆಂಡ್ ಎಂಬುದನ್ನು ನೆನಪಿಡಿ.

ಕೇಬಲ್ ಸುಟ್ಟ ಪಾಠ

ಥಾಮ್ಸನ್ ಬರೀ ಪುಸ್ತಕದ ಹುಳುವಲ್ಲ. ಅಟ್ಲಾಂಟಿಕ್ ಸಾಗರದಡಿ ಟೆಲಿಗ್ರಾಫ್ ಕೇಬಲ್ ಹಾಕುವ ಸಾಹಸದಲ್ಲಿ ಹಡಗು ಹತ್ತಿದವರು. 1858ರಲ್ಲಿ ಕೇಬಲ್ ಜೋಡಣೆಯಾಯಿತು, ಆದರೆ ಸಂದೇಶ ಬಹಳ ಕ್ಷೀಣವಾಗಿ ಬರುತ್ತಿತ್ತು. ಕಂಪನಿಯ ವಿದ್ಯುತ್ ತಜ್ಞ ವೈಟ್‌ಹೌಸ್ ವೋಲ್ಟೇಜನ್ನು ವಿಪರೀತ ಏರಿಸಿದರು. ಮೊದಲೇ ದುರ್ಬಲವಾಗಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಯಿತು. ಥಾಮ್ಸನ್ ಅವರದು ಬೇರೆ ದಾರಿ. ಕ್ಷೀಣ ಸಂಕೇತವನ್ನೂ ಹಿಡಿಯಬಲ್ಲ, ಪುಟ್ಟ ಕನ್ನಡಿಯ ಸೂಕ್ಷ್ಮ ಉಪಕರಣವೊಂದನ್ನು ಅವರು ಮಾಡಿದ್ದರು. 1866ರಲ್ಲಿ ಕೇಬಲ್ ಗಟ್ಟಿಯಾಗಿ ನಿಂತಿತು. ಅದೇ ವರ್ಷ ಅವರಿಗೆ ಸರ್ ಪದವಿ ಬಂತು.

ಹೀಟ್ ಪಂಪ್ ಇರುವ ಮನೆಗೂ ಇದೇ ಪಾಠ. ಮನೆ ತಣ್ಣಗಿದೆ ಎಂದು ಥರ್ಮೋಸ್ಟಾಟನ್ನು 30ಕ್ಕೆ ಏರಿಸಿದರೆ ಪಂಪ್ ಬೇಗ ಬಿಸಿ ಮಾಡುವುದಿಲ್ಲ. ದುಬಾರಿ ಕಾಯಿಲ್ ಹೀಟರ್ ಚಾಲೂ ಆಗಿ ಕರೆಂಟ್ ಬಿಲ್ ಏರುತ್ತದೆ. ಮೊದಲು ಅಳೆಯಿರಿ, ನೋಡಿ:

1. ಕಿಂಡಿಯಿಂದ ಬರುವ ಗಾಳಿ ಕೈಗೆ ಉಗುರುಬೆಚ್ಚಗೆ ಅನಿಸಿದರೆ ಗಾಬರಿ ಬೇಡ. ಗ್ಯಾಸ್ ಕುಲುಮೆಯಷ್ಟು ಬಿಸಿಗಾಳಿ ಇದರಿಂದ ಬರುವುದಿಲ್ಲ. ಕೋಣೆಯ ತಾಪಮಾನ ನಿಲ್ಲುತ್ತಿದೆಯೇ ಎಂದು ನೋಡಿ.

2. ಹೊರಗಿನ ಯೂನಿಟ್‌ನಿಂದ ಹೊಗೆಯಂತೆ ಏನೋ ಏಳುತ್ತಿದ್ದು, ಫ್ಯಾನ್ ಕೆಲವು ನಿಮಿಷ ನಿಂತಿದ್ದರೆ ಅದು ಸಾಮಾನ್ಯವಾಗಿ ಹಬೆ. ಯಂತ್ರ ತನ್ನ ಮೇಲೆ ಕಟ್ಟಿದ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತಿದೆ. ಸುಟ್ಟ ವಾಸನೆ ಬಂದರೆ ಮಾತ್ರ ಕೂಡಲೇ ಆಫ್ ಮಾಡಿ.

3. ತೆಳುವಾದ ಬಿಳಿ ಹಿಮದ ಪೊರೆ ಸಹಜ. ಗಂಟೆಗಟ್ಟಲೆ ಕರಗದ ಗಟ್ಟಿ ಮಂಜುಗಡ್ಡೆ ದೋಷದ ಗುರುತು. ಚಾಕು, ರಾಡಿನಿಂದ ಕೆತ್ತಬೇಡಿ, ಕೊಳವೆ ತೂತಾಗುತ್ತದೆ. ಮೆಕ್ಯಾನಿಕ್‌ನ್ನು ಕರೆಯಿರಿ.

4. ಯೂನಿಟ್ ಸುತ್ತ ಬಿದ್ದ ಹಿಮ ತೆಗೆಯಿರಿ. ಚಳಿಯಾಗುತ್ತದೆಂದು ಅದಕ್ಕೆ ಟಾರ್ಪಾಲು ಹೊದಿಸಬೇಡಿ. ಗಾಳಿ ಆಡದಿದ್ದರೆ ಅದು ಶಾಖ ಎತ್ತಲಾರದು.

5. ಒಳಗಿನ ಫಿಲ್ಟರ್ ಧೂಳು ಕಟ್ಟಿದ್ದರೆ ಬದಲಿಸಿ ಅಥವಾ ತೊಳೆಯಿರಿ. ಗಾಳಿ ಕಿಂಡಿಗಳಿಗೆ ಸೋಫಾ, ಪರದೆ ಅಡ್ಡವಿದ್ದರೆ ಸರಿಸಿ.

6. ಬ್ರೇಕರ್ ಬಿದ್ದಿದ್ದರೆ ಒಮ್ಮೆ ಮಾತ್ರ ಏರಿಸಿ. ಮತ್ತೆ ಬಿದ್ದರೆ ಮುಟ್ಟಬೇಡಿ.

7. ಕಡುಚಳಿಯ ದಿನಗಳಲ್ಲಿ ರಾತ್ರಿ ತಾಪಮಾನವನ್ನು ತೀರಾ ಇಳಿಸಬೇಡಿ. ಬೆಳಗ್ಗೆ ಮತ್ತೆ ಏರಿಸಲು ಪಂಪ್ ಏದುಸಿರು ಬಿಡುತ್ತದೆ.

8. ಥರ್ಮೋಸ್ಟಾಟಿನ ಎಮರ್ಜೆನ್ಸಿ ಹೀಟ್ ಗುಂಡಿ ಪಂಪ್ ಕೆಟ್ಟಾಗ ಮಾತ್ರ. ಅದನ್ನು ಒತ್ತಿದರೆ ಪಂಪ್ ನಿಂತು ಬರೀ ಬದಲಿ ಹೀಟರ್ ಓಡುತ್ತದೆ.

ಯಂತ್ರ ಪೂರ್ತಿ ನಿಂತರೂ, ಕರೆಂಟ್ ಹೋದರೂ ಇದ್ದಿಲ ಒಲೆ, ಬಾರ್ಬೆಕ್ಯೂ, ಜನರೇಟರನ್ನು ಮನೆಯೊಳಗಾಗಲಿ ಗ್ಯಾರೇಜಿನಲ್ಲಾಗಲಿ ಹಚ್ಚಬೇಡಿ. ಇದನ್ನು ಯಾವ ಕಾರಣಕ್ಕೂ ಮರೆಯಬಾರದು. ಅವುಗಳಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹಿಮಗಾಳಿಯಿಂದ ಕರೆಂಟ್ ಹೋದಾಗ ಚಳಿಯಿಂದ ಸತ್ತವರ ಜೊತೆಗೆ ಈ ವಿಷಾನಿಲದಿಂದ ಸತ್ತವರೂ ಇದ್ದರು. ಪಂಪ್ ರಿಪೇರಿಯಾಗುವವರೆಗೆ ಒಂದೇ ಕೋಣೆಯಲ್ಲಿ ಎಲ್ಲರೂ ಸೇರಿ, ಕಂಬಳಿ ಹೊದ್ದು, ಬಾಗಿಲ ಸಂದು ಮುಚ್ಚಿಕೊಳ್ಳಿ. ಹಿರಿಯರು, ಹಸುಗೂಸು ಇದ್ದರೆ ಬೆಚ್ಚಗಿನ ಬೇರೆ ಮನೆಗೆ ಹೋಗಿಬಿಡಿ.

ದೊಡ್ಡವರ ತಪ್ಪು

1860ರ ಚಳಿಗಾಲದಲ್ಲಿ ಥಾಮ್ಸನ್ ಮಂಜುಗಡ್ಡೆಯ ಮೇಲೆ ಕರ್ಲಿಂಗ್ ಆಡುವಾಗ ಬಿದ್ದು ಕಾಲು ಮುರಿದುಕೊಂಡರು. ಜೀವಮಾನವಿಡೀ ಕುಂಟುತ್ತ ನಡೆದರು. ಹೀಟ್ ಪಂಪ್‌ನಿಂದ ಕರಗಿ ಬಿದ್ದ ನೀರು ನಡೆದಾಡುವ ದಾರಿಯಲ್ಲಿ ಮತ್ತೆ ಗಡ್ಡೆಯಾಗುತ್ತದೆ. ಯೂನಿಟ್ ನೋಡಲು ಹೊರಗೆ ಹೋಗುವವರು ಅಲ್ಲಿ ಹುಷಾರಾಗಿ ಕಾಲಿಡಬೇಕು.

ಅವರು ವಿಜ್ಞಾನದಲ್ಲೂ ಎಡವಿದ್ದುಂಟು. ಭೂಮಿ ತಣ್ಣಗಾದ ಲೆಕ್ಕ ಹಾಕಿ ಅದರ ವಯಸ್ಸು ಕೆಲವು ಕೋಟಿ ವರ್ಷ ಎಂದು ಕೊನೆಯವರೆಗೂ ವಾದಿಸಿದರು. ಇಂದು ನಮಗೆ ಗೊತ್ತಿರುವುದು ಸುಮಾರು 450 ಕೋಟಿ ವರ್ಷ. ಗಣಿತ ಸರಿಯಿತ್ತು, ಭೂಮಿಯ ಒಳಗಿನ ಬಗ್ಗೆ ಅವರು ಇಟ್ಟುಕೊಂಡ ಊಹೆ ತಪ್ಪಾಗಿತ್ತು. ಆದ್ದರಿಂದ ದೊಡ್ಡವರ ಹೆಸರು ಅಂಟಿಸಿದ ಮಾತ್ರಕ್ಕೆ ಯಾವ ಫಾರ್ವರ್ಡೂ ನಿಜವಾಗುವುದಿಲ್ಲ. ಅವರ ಅಳತೆಗೋಲನ್ನು ನಾವು ನಂಬುವುದು ಅವರು ಹೇಳಿದರೆಂದಲ್ಲ, ಪ್ರತಿ ಪ್ರಯೋಗದಲ್ಲೂ ಅದು ಸರಿ ಬಂದಿದೆಯೆಂದು.

1892ರಲ್ಲಿ ಅವರು ಲಾರ್ಡ್ ಆದಾಗ ತಮ್ಮ ವಿಶ್ವವಿದ್ಯಾಲಯದ ಪಕ್ಕ ಹರಿಯುವ ಪುಟ್ಟ ನದಿ ಕೆಲ್ವಿನ್‌ನ ಹೆಸರನ್ನೇ ಇಟ್ಟುಕೊಂಡರು. 1907ರ ಡಿಸೆಂಬರ್ 17ರಂದು ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ ಸಮಾಧಿಯ ಬಳಿ ಅವರ ಸಮಾಧಿ ಇದೆ. ಅವರು ಕಾಗದದ ಮೇಲೆ ಬಿಡಿಸಿದ ಯಂತ್ರ ಮನೆ ಕಾಯಿಸುವ ಸಾಮಾನ್ಯ ಸಾಧನವಾಗಲು ಇಪ್ಪತ್ತನೇ ಶತಮಾನ ಬರಬೇಕಾಯಿತು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಸಭೆಯ ಕಟ್ಟಡ ನದಿ ನೀರಿನಿಂದ ಶಾಖ ಎತ್ತಿಕೊಂಡು ಬೆಚ್ಚಗಾಯಿತು.

ಒಟ್ಟಿನಲ್ಲಿ: ಸೊನ್ನೆಗಿಂತ ಕೆಳಗೆ ಶಾಖವಿಲ್ಲ ಎಂಬುದು ಸುಳ್ಳು. ಕಡುಚಳಿಯಲ್ಲಿ ಹೀಟ್ ಪಂಪ್‌ನ ಶಕ್ತಿ ಕುಂದುತ್ತದೆ ಎಂಬುದು ನಿಜ. ಆ ಸುಳ್ಳು ಫಾರ್ವರ್ಡ್ ಬಂದರೆ ಅಲ್ಲೇ ನಿಲ್ಲಿಸಿ, ಅದರ ಬದಲು ಮೇಲಿನ ಎಂಟು ಅಂಶಗಳನ್ನೂ ಇದ್ದಿಲ ಒಲೆಯ ಎಚ್ಚರಿಕೆಯನ್ನೂ ಚಳಿದೇಶದಲ್ಲಿರುವ ನಿಮ್ಮವರಿಗೆ ಕಳಿಸಿ.