ಅಬ್ರಹಾಂ ಡಿ ಮಾಯ್ವರ್

ಸಂಭವನೀಯತೆಯ ಗಣಿತಕ್ಕೆ ಶಾಸ್ತ್ರದ ಪದವಿಯನ್ನು ದೊರಕಿಸಿಕೊಟ್ಟ ಮಹನೀಯರಲ್ಲಿ ಅಬ್ರಹಾಂ ಡಿ ಮಾಯ್ವರನು ಅಗ್ರಗಣ್ಯನು. ಕಾಲೇಜು ವಿದ್ಯಾರ್ಥಿಗಳು ಈತನ ಹೆಸರಿನ ಪ್ರಮೇಯವೊಂದನ್ನು ಕಲಿಯುವುದುಂಟು. ಆ ಹೆಸರಿನ ಹಿಂದಣ ಬಾಳು ಎಂತಹುದೆಂದು ಅರಿತವರು ವಿರಳ.

ಈತನು 1667ನೆಯ ಮೇ 26ರಂದು ಫ್ರಾನ್ಸ್ ದೇಶದ ವಿಟ್ರಿ ಎಂಬ ಊರಿನಲ್ಲಿ ಜನಿಸಿದನು. ತಂದೆ ಶಸ್ತ್ರವೈದ್ಯ. ಮನೆತನವು ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದುದು. ಅರಸನದು ಕ್ಯಾಥೊಲಿಕ್ ಮತ. ಹನ್ನೊಂದನೆಯ ವಯಸ್ಸಿನಲ್ಲಿ ಬಾಲಕನು ಸೆಡಾನಿನ ಪ್ರಾಟೆಸ್ಟೆಂಟ್ ವಿದ್ಯಾಪೀಠವನ್ನು ಸೇರಿದನು. ಕೆಲವೇ ವರ್ಷಗಳಲ್ಲಿ ರಾಜಾಜ್ಞೆಯಿಂದ ಆ ವಿದ್ಯಾಪೀಠದ ಬಾಗಿಲು ಮುಚ್ಚಿತು. ಬಳಿಕ ಸೋಮ್ಯೂರಿನಲ್ಲಿಯೂ ಅನಂತರ ಪ್ಯಾರಿಸ್ ನಗರದಲ್ಲಿಯೂ ವ್ಯಾಸಂಗ ಮುಂದುವರಿಯಿತು. 1685ರಲ್ಲಿ ಹದಿನಾಲ್ಕನೆಯ ಲೂಯಿಯು ನ್ಯಾಂಟ್ಸ್ ಶಾಸನವನ್ನು ರದ್ದುಗೊಳಿಸಲು, ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆ ಇಲ್ಲವಾಯಿತು. ಹದಿನೆಂಟರ ತರುಣನನ್ನು ಮತಾಂತರಗೊಳಿಸುವ ಉದ್ದೇಶದಿಂದ ಸೇಂಟ್ ಮಾರ್ಟಿನ್ ಮಠದಲ್ಲಿ ಸೆರೆಯಿಟ್ಟರು. ಆತನು ಮಣಿಯಲಿಲ್ಲ. ಬಿಡುಗಡೆ ಹೊಂದಿ ಲಂಡನ್ ಸೇರಿದಾಗ ಕೈಯಲ್ಲಿದ್ದ ಬಂಡವಾಳವೆಂದರೆ ಗಣಿತವೊಂದೇ.

ಶ್ರೀಮಂತರ ಮನೆಮನೆಗೂ ನಡೆದು ಮಕ್ಕಳಿಗೆ ಪಾಠ ಹೇಳುವುದು ಜೀವನೋಪಾಯವಾಯಿತು. ಒಂದು ಮನೆಯಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಗ್ರಂಥವನ್ನು ಕಂಡು, ಅದು ಸುಲಭವಾಗಿ ಅರ್ಥವಾಗದಿರಲು, ತಾನೂ ಒಂದು ಪ್ರತಿಯನ್ನು ಕೊಂಡನು. ಅದರ ಹಾಳೆಗಳನ್ನು ಬಿಡಿಸಿ ಜೇಬಿನಲ್ಲಿಟ್ಟುಕೊಂಡು, ಒಂದು ಮನೆಯ ಪಾಠ ಮುಗಿಸಿ ಇನ್ನೊಂದು ಮನೆಗೆ ಹೋಗುವ ಬಿಡುವಿನಲ್ಲಿ ಅಭ್ಯಸಿಸುತ್ತಿದ್ದನಂತೆ. 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ನ್ಯೂಟನ್ನನೇ ತನ್ನ ಬಳಿ ಗಣಿತದ ಸಂದೇಹ ಕೇಳಬಂದವರನ್ನು ಈತನ ಕಡೆಗೆ ಕಳುಹಿಸುತ್ತಿದ್ದನೆಂದು ಹೇಳುತ್ತಾರೆ. ಇಷ್ಟಾದರೂ ವಿಶ್ವವಿದ್ಯಾನಿಲಯದ ಪೀಠವೊಂದು ಕೊನೆಯವರೆಗೂ ಕೈಗೂಡಲಿಲ್ಲ. ಪರದೇಶೀಯನೆಂಬುದೇ ಅಡ್ಡಿಯಾಯಿತೆಂಬ ಅಭಿಪ್ರಾಯವುಂಟು. ಕಾಫಿ ಮಂದಿರದಲ್ಲಿ ಕುಳಿತು ಜೂಜುಗಾರರಿಗೂ ಹಣದ ವ್ಯಾಪಾರಿಗಳಿಗೂ ಲೆಕ್ಕ ಹೇಳಿ ಕಾಸು ಪಡೆಯಬೇಕಾಯಿತು.

ಜೂಜಿನ ಗಣಿತವೆಂದು ಮೂಗು ಮುರಿಯುವುದು ಸಲ್ಲದು. 1718ರಲ್ಲಿ ಪ್ರಕಟವಾಗಿ ನ್ಯೂಟನ್ನನಿಗೆ ಅರ್ಪಿತವಾದ ‘ಡಾಕ್ಟ್ರಿನ್ ಆಫ್ ಚಾನ್ಸಸ್’ ಎಂಬ ಇವನ ಗ್ರಂಥವು, ಮುಂದಿನ ಆವೃತ್ತಿಗಳಲ್ಲಿ ಬೆಳೆಯುತ್ತ, ಸ್ವತಂತ್ರ ಘಟನೆ ಮತ್ತು ಅವಲಂಬಿತ ಘಟನೆಗಳ ಭೇದವನ್ನು ಸ್ಪಷ್ಟವಾಗಿ ನಿರೂಪಿಸಿತು. ಒಂದರ ಆಗುಹೋಗು ಇನ್ನೊಂದಕ್ಕೆ ಸಹಾಯವನ್ನಾಗಲಿ ಅಡ್ಡಿಯನ್ನಾಗಲಿ ಮಾಡದಿದ್ದರೆ ಅವು ಸ್ವತಂತ್ರ. ಒಂದು ನಡೆದುದರಿಂದ ಇನ್ನೊಂದರ ಸಂಭವನೀಯತೆ ಬದಲಾದರೆ ಅವು ಅವಲಂಬಿತ. ಇದನ್ನು ವಿಶದಪಡಿಸಲು ಆತನು ಇಸ್ಪೀಟಿನ ಎಲೆಗಳನ್ನೇ ಆರಿಸಿಕೊಂಡನು. ಬೇರೆ ಬೇರೆ ಬಣ್ಣದ, ತಲಾ 13 ಎಲೆಗಳ ಎರಡು ರಾಶಿಗಳಿವೆಯೆನ್ನೋಣ. ಎರಡರಿಂದಲೂ ಒಂದೊಂದು ಎಲೆಯನ್ನು ತೆಗೆದರೆ ಎರಡೂ ಎಕ್ಕವಾಗುವ ಸಂಭವ 169ರಲ್ಲಿ 1. ಒಂದು ರಾಶಿಯ ಸಂಗತಿ ಇನ್ನೊಂದನ್ನು ಮುಟ್ಟದು. ಆದರೆ ಒಂದೇ ರಾಶಿಯಿಂದ ಮೊದಲು ಎಕ್ಕ, ಅನಂತರ ಎರಡರ ಎಲೆ ಬರಬೇಕೆಂದರೆ? ಎಕ್ಕವನ್ನು ತೆಗೆದಮೇಲೆ ಉಳಿಯುವುವು 12 ಎಲೆಗಳು. ಆದುದರಿಂದ ಎರಡನೆಯದರ ಸಂಭವ 13ರಲ್ಲಿ 1 ಅಲ್ಲ, 12ರಲ್ಲಿ 1; ಒಟ್ಟು 156ರಲ್ಲಿ 1. ಇಂದು ಷರತ್ತುಬದ್ಧ ಸಂಭವನೀಯತೆಯೆಂದು ಕರೆಯುವ ತತ್ತ್ವದ ತಿರುಳು ಇದೇ.

ಈ ತತ್ತ್ವವನ್ನು ಇಸ್ಪೀಟಿನ ಮೇಜಿನಿಂದ ಸಂಸಾರದ ಅಂಗಳಕ್ಕೆ ತಂದುದು 1725ರ ವರ್ಷಾಶನ ಗ್ರಂಥ. ಇಡುಗಂಟನ್ನು ಕೊಟ್ಟು ಬದುಕಿರುವವರೆಗೆ ವರ್ಷವರ್ಷವೂ ಆದಾಯ ಪಡೆಯುವ ಪದ್ಧತಿ ಅಂದು ಬಳಕೆಯಲ್ಲಿತ್ತು; ಇಡುಗಂಟು ಎಷ್ಟಿರಬೇಕೆಂಬುದೇ ಪ್ರಶ್ನೆ. ಮನುಷ್ಯಾಯುಷ್ಯದ ಮಿತಿಯನ್ನು 86 ವರ್ಷಗಳೆಂದಿರಿಸಿಕೊಂಡು, ಬದುಕುಳಿಯುವವರ ಸಂಖ್ಯೆ ವರ್ಷಕ್ಕೆ ಸಮನಾಗಿ ಇಳಿಯುವುದೆಂದು ಈತನು ಊಹಿಸಿದನು. ಅದರಂತೆ 46 ವರ್ಷದವನಿಗೆ ಉಳಿದ ಅವಧಿ 40. ಅವನು 56ನ್ನು ಮುಟ್ಟುವ ಸಂಭವ 40ರಲ್ಲಿ 30, ಅಂದರೆ ಮುಕ್ಕಾಲು. ಮುಟ್ಟಿದನೆಂದಾದ ಮೇಲೆ 66ನ್ನು ಮುಟ್ಟುವ ಸಂಭವ 30ರಲ್ಲಿ 20. ಇವೆರಡನ್ನು ಗುಣಿಸಿದರೆ ಅರ್ಧ. ನೇರವಾಗಿ 40ರಲ್ಲಿ 20 ಎಂದು ಎಣಿಸಿದರೂ ಅರ್ಧವೇ. ಇನ್ನು ದಂಪತಿಗಳ ಜಂಟಿ ವರ್ಷಾಶನಕ್ಕೆ ಇಬ್ಬರ ಆಯುಷ್ಯವನ್ನೂ ಸ್ವತಂತ್ರವೆಂದು ಭಾವಿಸಿ ಗುಣಿಸಿದನು. ಒಂದೇ ಸೂರಿನಡಿ ಒಂದೇ ನೀರು ಕುಡಿದು, ಒಬ್ಬರ ಜ್ವರ ಇನ್ನೊಬ್ಬರಿಗೆ ತಗಲುವ ಮನೆಯಲ್ಲಿ ಆ ಭಾವನೆ ಪೂರ್ತಿ ಸಲ್ಲದು. ಆದರೂ ಲೆಕ್ಕಕ್ಕೆ ದಾರಿ ತೆರೆದವನು ಆತನೇ.

1733ರಲ್ಲಿ, ನಾಣ್ಯವನ್ನು ಬಹುಸಲ ಚಿಮ್ಮಿದಾಗ ಬರುವ ಫಲಗಳು ಗಂಟೆಯಾಕಾರದ ವಕ್ರರೇಖೆಯನ್ನು ಅನುಸರಿಸುವುವೆಂದು ತೋರಿಸಿದುದು ಇನ್ನೊಂದು ಹಿರಿಯ ಸಾಧನೆ. ಅದರ ಬೆಲೆಯನ್ನು ಸಮಕಾಲೀನರು ಅರಿಯಲಿಲ್ಲ.

ಮದುವೆಯಿಲ್ಲದ ಬಾಳು, ವೃದ್ಧಾಪ್ಯದಲ್ಲಿ ಕಣ್ಣು ಮಂದವಾಯಿತು, ಬಡತನ ಬಿಡಲಿಲ್ಲ. ದಿನವೂ ಕಾಲುಗಂಟೆ ನಿದ್ರೆ ಹೆಚ್ಚುತ್ತ ಹೋಗಿ, ಅದು 24 ಗಂಟೆಗಳನ್ನು ಮುಟ್ಟಿದ ದಿನ ಪ್ರಾಣ ಹೋಯಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಗಣಿತಜ್ಞನಿಗೆ ಒಪ್ಪುವಂತೆ ಯಾರೋ ಹೆಣೆದ ಕಥೆಯೆಂದೇ ತೋರುತ್ತದೆ. 1754ರಲ್ಲಿ, ಓಡಿಸಿದ ನಾಡಿನ ಪ್ಯಾರಿಸ್ ವಿಜ್ಞಾನ ಅಕಾಡೆಮಿಯು ಈತನನ್ನು ವಿದೇಶೀ ಸದಸ್ಯನನ್ನಾಗಿ ಆರಿಸಿತು. ಅದೇ ವರ್ಷ ನವೆಂಬರ್ 27ರಂದು ಲಂಡನ್ನಿನಲ್ಲಿ ಕಾಲವಾದನು. ಪರಿಷ್ಕರಿಸಿಟ್ಟಿದ್ದ ಗ್ರಂಥದ ಮೂರನೆಯ ಆವೃತ್ತಿಯು 1756ರಲ್ಲಿ ಬೆಳಕು ಕಂಡಿತು.